ಗಿಳಿಯ ದಾಯಾದಿಗೆ ಒಂದು ಬಹಿರಂಗ ಪತ್ರ

ಹುತ್ತದ ಅಣಬೆಯೇ,

ನೀನು ಗಿಡವಲ್ಲ ಎಂಬಲ್ಲಿಂದಲೇ ಈ ಪತ್ರ ಶುರುಮಾಡಬೇಕು. ನಮ್ಮ ಶಾಲೆಯ ಪುಸ್ತಕಗಳು ಬಹಳ ಕಾಲ ನಿನ್ನನ್ನು ಸಸ್ಯಶಾಸ್ತ್ರದ ಪಾಠದಲ್ಲಿ, ಪಾಚಿಯ ಪಕ್ಕಕ್ಕೆ, ಹಸಿರಿಲ್ಲದ ಗಿಡವೆಂದು ಕೂರಿಸಿದ್ದವು. 1969ರಲ್ಲಿ ಅಮೆರಿಕದ ರಾಬರ್ಟ್ ವಿಟೇಕರ್ ಜೀವಿಗಳನ್ನೆಲ್ಲ ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ತಮ್ಮದೇ ಒಂದು ಸಾಮ್ರಾಜ್ಯ ಸಿಕ್ಕಿತು. 1993ರ ಹೊತ್ತಿಗೆ ಪ್ರೋಟೀನುಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದವರಿಗೆ ಇನ್ನೂ ದೊಡ್ಡ ಸಂಗತಿ ತಿಳಿಯಿತು. ಶಿಲೀಂಧ್ರಗಳೂ ಪ್ರಾಣಿಗಳೂ ಒಂದೇ ಕವಲಿನಿಂದ ಒಡೆದಿದ್ದವು. ಗಿಡಮರಗಳ ಕವಲು ಅದಕ್ಕೂ ಮೊದಲೇ ಬೇರೆಯಾಗಿತ್ತು. ನಿನ್ನ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್; ಸಿಗಡಿಯ ಚಿಪ್ಪಿನಲ್ಲಿ, ದುಂಬಿಯ ಹೊದಿಕೆಯಲ್ಲಿ ಇರುವುದೂ ಅದೇ. ಗಿಡಗಳು ಆಹಾರವನ್ನು ಪಿಷ್ಟವಾಗಿ ಕೂಡಿಟ್ಟರೆ, ನೀನು ನಮ್ಮ ಯಕೃತ್ತಿನ ಹಾಗೆ ಗ್ಲೈಕೋಜನ್ ಮಾಡಿ ಇಟ್ಟುಕೊಳ್ಳುತ್ತೀಯ. ನೀನು ಹುಟ್ಟುವ ಕಾಡಿನಲ್ಲಿ ಮತ್ತಿ ಮರದ ಮೇಲೆ ಗಿಳಿಯೊಂದು ಕೂತಿರುತ್ತದಲ್ಲ, ಅದಕ್ಕೆ ಆ ಮತ್ತಿ ಮರಕ್ಕಿಂತ ನೀನೇ ಹತ್ತಿರದ ಸಂಬಂಧಿ. ದಾಯಾದಿ ಅನ್ನಬಹುದು.

ದಾಯಾದಿ ಅಂದ ಮೇಲೆ ಪಾಲಿನ ಮಾತು ಬಂದೇ ಬರುತ್ತದೆ. ಒಂದೇ ಮೂಲದ ಇಬ್ಬರಲ್ಲಿ ಒಬ್ಬನ ಹೆಸರಿಗೆ ಪಹಣಿ ಆಗಿದೆ, ಇನ್ನೊಬ್ಬನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಅದನ್ನು ನಿನ್ನ ಮುಂದೆ ಹೇಳಿಕೊಳ್ಳಬೇಕು ಅನಿಸಿತು. ನಿನಗೆ ಕಿವಿಯಿಲ್ಲ. ಕೇಳಿಸಿಕೊಳ್ಳಬೇಕಾದವರು ಪಕ್ಕದಲ್ಲಿ ನಿಂತು ಓದಲಿ ಎಂದೇ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ಗಿಳಿಯ ವಿಚಾರ. ಊರೂರಲ್ಲಿ ಕಾಣುವ, ಕೊರಳಿಗೆ ಗುಲಾಬಿ ಪಟ್ಟಿಯ ಹಸಿರು ಗಿಳಿ ಬೇರೆ. ನಾನು ಹೇಳುತ್ತಿರುವುದು ನಮ್ಮ ಘಟ್ಟದ ನೀಲಿ ರೆಕ್ಕೆಯ ಗಿಳಿಯನ್ನು. ಹಕ್ಕಿ ನೋಡುವವರು ಮಲಬಾರ್ ಪ್ಯಾರಕೀಟ್ ಅನ್ನುತ್ತಾರೆ. ಪ್ರಪಂಚದಲ್ಲಿರುವ ಸುಮಾರು 400 ಬಗೆಯ ಗಿಳಿಗಳಲ್ಲಿ ಇದೊಂದು ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲೂ ನೆಲೆಸಿಲ್ಲ. ತಲೆ, ಬೆನ್ನು, ಎದೆ ಬೂದು. ರೆಕ್ಕೆ, ಬಾಲ ನೀಲಿ. ಬಾಲದ ತುದಿ ಹಳದಿ. ಗಂಡಿನ ಕೊರಳಲ್ಲಿ ಕಪ್ಪು ಪಟ್ಟಿ, ಅದರ ಕೆಳಗೆ ಹಸಿರುನೀಲಿಯ ಹೊಳೆಯುವ ಅಂಚು, ಮೇಲ್ಕೊಕ್ಕು ಕೆಂಪು. ಹೆಣ್ಣಿನ ಕೊಕ್ಕು ಕಪ್ಪು, ಪಟ್ಟಿಗೆ ಆ ಅಂಚೂ ಇಲ್ಲ. ಬೆಳಿಗ್ಗೆ ಅಡಿಕೆ ತೋಟದ ಮೇಲೆ ಹಿಂಡು ಕಿರುಚುತ್ತ ಹಾದುಹೋದರೆ ಬಗ್ಗಿ ಕೆಲಸ ಮಾಡುತ್ತಿದ್ದವರೂ ಒಮ್ಮೆ ತಲೆ ಎತ್ತುತ್ತಾರೆ. ಅತ್ತಿ, ಬಸರಿ ಹಣ್ಣಾದಾಗ, ಹಾಲುವಾಣ ಹೂಬಿಟ್ಟಾಗ ಎಲ್ಲಿ ನೋಡಿದರೂ ಇವೇ.

ಈ ಗಿಳಿಗೆ ಕಾನೂನು ಏನು ಕೊಟ್ಟಿದೆ ನೋಡು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ, ಪಂಜರದಲ್ಲಿ ಇಡುವಂತಿಲ್ಲ. 1990–91ರ ಹೊತ್ತಿಗೆ ದೇಶದ ಕಾಡುಹಕ್ಕಿಗಳ ವ್ಯಾಪಾರಕ್ಕೇ ತಡೆ ಬಿತ್ತು. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಅದು 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಸಾಮಾನ್ಯ ಅಪರಾಧಕ್ಕೆ 25,000 ರೂಪಾಯಿ ಇದ್ದ ದಂಡದ ಮಿತಿ 1 ಲಕ್ಷಕ್ಕೆ ಏರಿತು. ದೇಶದಿಂದ ದೇಶಕ್ಕೆ ಸಾಗಿಸುವುದನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲೂ ಇದರ ಹೆಸರಿದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪುಪಟ್ಟಿ ತಯಾರಿಸುವವರು ಇದರ ಸ್ಥಿತಿಗತಿಯನ್ನು ಮತ್ತೆ ಮತ್ತೆ ಪರಿಶೀಲಿಸಿ, ಸದ್ಯಕ್ಕೆ ಹೆಚ್ಚಿನ ಅಪಾಯವಿಲ್ಲ ಎಂದು ಬರೆದಿದ್ದಾರೆ. ಗಿಳಿಗೆ ಸಿಕ್ಕಿದ್ದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಅದಕ್ಕೆ ಅಷ್ಟೂ ಬೇಕು, ಇನ್ನೂ ಬೇಕು. ಮುಂದೆ ಅದನ್ನೂ ಹೇಳುತ್ತೇನೆ.

ನಿನ್ನ ಪಾಲಿಗೆ ಬಂದದ್ದು ಇಷ್ಟೂ ಇಲ್ಲ. ಕಾಯ್ದೆಯಲ್ಲಿ ಪ್ರಾಣಿಗಳಿಗೆ ಪಟ್ಟಿ ಇದೆ. 1991ರ ತಿದ್ದುಪಡಿಯಲ್ಲಿ ಗಿಡಗಳಿಗೂ ಒಂದು ಅಧ್ಯಾಯ ಸೇರಿ, ನೀಲಿ ವ್ಯಾಂಡಾ ಆರ್ಕಿಡ್, ಹೂಜಿ ಗಿಡ ಮುಂತಾದವಕ್ಕೆ ರಕ್ಷಣೆ ಬಂತು. ನೀನು ಆ ಪಟ್ಟಿಯಲ್ಲೂ ಇಲ್ಲ, ಈ ಪಟ್ಟಿಯಲ್ಲೂ ಇಲ್ಲ. ನೀನೊಬ್ಬನೇ ಬಿಟ್ಟುಹೋಗಿದ್ದರೆ ಮರೆತರು ಅನ್ನಬಹುದಿತ್ತು. ಬಿಟ್ಟುಹೋದದ್ದು ನಿನ್ನ ಇಡೀ ಸಾಮ್ರಾಜ್ಯ. ಸೈಟಿಸ್‌ನಲ್ಲಿ ಸಾವಿರಾರು ಆರ್ಕಿಡ್‌ಗಳಿಗೆ, ಕಳ್ಳಿಗಳಿಗೆ ಜಾಗವಿದೆ, ಒಂದೇ ಒಂದು ಶಿಲೀಂಧ್ರಕ್ಕಿಲ್ಲ. ಭೂಮಿಯ ಮೇಲೆ ಶಿಲೀಂಧ್ರಗಳು 22 ಲಕ್ಷದಿಂದ 38 ಲಕ್ಷ ಬಗೆ ಇರಬಹುದೆಂದು 2017ರಲ್ಲಿ ಶಿಲೀಂಧ್ರ ವಿಜ್ಞಾನಿಗಳಾದ ಹಾಕ್ಸ್‌ವರ್ತ್ ಮತ್ತು ಲ್ಯೂಕಿಂಗ್ ಲೆಕ್ಕ ಹಾಕಿದರು. ಹೆಸರಿಟ್ಟಿರುವುದು ಸುಮಾರು ಒಂದೂವರೆ ಲಕ್ಷಕ್ಕೆ. ಕೆಂಪುಪಟ್ಟಿಗಾಗಿ ಪರಿಶೀಲಿಸಿದ ಶಿಲೀಂಧ್ರಗಳ ಸಂಖ್ಯೆ ಸಾವಿರ ದಾಟಿದ್ದು 2025ರ ಮಾರ್ಚ್‌ನಲ್ಲಿ. ಆಗ ಒಟ್ಟು 1,300 ಆಯಿತು, ಅವುಗಳಲ್ಲಿ 411 ಅಳಿವಿನ ಅಪಾಯದಲ್ಲಿದ್ದವು. ಹಕ್ಕಿಗಳು ಭೂಮಿಯ ಮೇಲೆ ಇರುವುದೇ ಸುಮಾರು 11,000 ಬಗೆ. ಅವೆಲ್ಲವನ್ನೂ ಎಂದೋ ಪರಿಶೀಲಿಸಿ ಆಗಿದೆ.

ಕನ್ನಡದಲ್ಲಿ ಹಕ್ಕಿ ನೋಡಲು ಕಲಿತವರ ಕೈಯಲ್ಲಿ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇತ್ತು. ಅಣಬೆಯ ಹೆಸರಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಬೇಸಾಯದ ಕೈಪಿಡಿ: ಹುಲ್ಲು ಕತ್ತರಿಸಿ ಬೇಯಿಸಿ, ಚೀಲಕ್ಕೆ ತುಂಬಿ, ಚಿಪ್ಪಣಬೆ ಬೆಳೆಯುವುದು ಹೇಗೆ ಎಂಬುದು. ಅದು ಒಳ್ಳೆಯ ಕಸುಬು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತರಬೇತಿಯನ್ನೂ ಬೀಜವನ್ನೂ ಕೊಡುತ್ತಾರೆ. ಆದರೆ ನೀನು ಚೀಲದಲ್ಲಿ ಬೆಳೆಯುವವನಲ್ಲ. ಮನುಷ್ಯ ಇವತ್ತಿಗೂ ಬೇಸಾಯಕ್ಕೆ ಬಗ್ಗಿಸಲಾಗದ ಅಣಬೆ ನೀನು, ಯಾಕೆಂದರೆ ನಿನ್ನ ಬೇಸಾಯಗಾರ ಬೇರೆಯೇ ಇದ್ದಾನೆ.

ಅವನ ಕತೆಯನ್ನು ಇಲ್ಲಿ ಓದುವವರಿಗಾಗಿ ಸಾವಕಾಶವಾಗಿ ಹೇಳುತ್ತೇನೆ. ಅದು ಗೊತ್ತಾದರೆ ನಿನ್ನನ್ನು ತರಕಾರಿಯೆಂದು ಮಾತ್ರ ನೋಡುವುದು ಯಾರಿಗೂ ಕಷ್ಟ.

ಗೆದ್ದಲಿಗೆ ಒಣಗಿದ ಎಲೆಯನ್ನೂ ಕಟ್ಟಿಗೆಯನ್ನೂ ಕಡಿಯಲು ಬರುತ್ತದೆ, ಪೂರ್ತಿ ಜೀರ್ಣಿಸಿಕೊಳ್ಳಲು ಬರುವುದಿಲ್ಲ. ಕಟ್ಟಿಗೆಯನ್ನು ಗಟ್ಟಿ ಮಾಡುವ ಲಿಗ್ನಿನ್ ಅದಕ್ಕೆ ಬಗ್ಗದು. ಹುತ್ತ ಕಟ್ಟುವ ಗೆದ್ದಲಿನ ಆಳು ಕಾಡಿನ ನೆಲದಿಂದ ತರಗೆಲೆ, ಪುಳ್ಳೆ ಕಡಿದು ತಿಂದು ಬಂದು, ಅರೆ ಜೀರ್ಣವಾದದ್ದನ್ನು ಸಣ್ಣ ಸಣ್ಣ ಉಂಡೆಯಾಗಿ ಹೊರಹಾಕಿ, ನೆಲದಡಿಯ ಕೋಣೆಯಲ್ಲಿ ಒಂದರ ಮೇಲೊಂದು ಒತ್ತುತ್ತದೆ. ಹಾಗೆ ತೂತುತೂತಾದ ಒಂದು ಗಡ್ಡೆ ಬೆಳೆಯುತ್ತದೆ. ಆ ಗಡ್ಡೆಯೇ ನಿನ್ನ ಹೊಲ. ನಿನ್ನ ಎಳೆಗಳು ಅದರೊಳಗೆ ಹಬ್ಬಿ, ಗೆದ್ದಲಿಗೆ ದಕ್ಕದ ಲಿಗ್ನಿನ್ನನ್ನು ಕರಗಿಸುತ್ತವೆ. ಗಡ್ಡೆಯ ಮೈಮೇಲೆ ರಾಗಿ ಕಾಳಿನಷ್ಟು ದೊಡ್ಡ ಬಿಳಿ ಗುಳಿಗೆಗಳು ಮೂಡುತ್ತವೆ. ಎಳೆಯ ಆಳುಗಳು ಅವನ್ನು ತಿನ್ನುತ್ತವೆ. ಹಳೆಯದಾದ ಗಡ್ಡೆಯನ್ನು ಅಡಿಯಿಂದ ತಿನ್ನುತ್ತ, ಮೇಲೆ ಹೊಸದನ್ನು ಕಟ್ಟುತ್ತ ಹೋಗುವುದರಿಂದ ಹೊಲಕ್ಕೆ ಬೀಳು ಬೀಳುವ ಮಾತೇ ಇಲ್ಲ. ಬೇರೆ ಬೂಷ್ಟು ಹತ್ತದಂತೆ ಕಾಯುವುದೂ ಅವುಗಳದೇ ಕೆಲಸ. ಗೆದ್ದಲು ಸತ್ತು ಗೂಡು ಬರಿದಾಯಿತೋ, ಕೆಲವೇ ದಿನದಲ್ಲಿ ಕ್ಸೈಲೇರಿಯಾ ಎಂಬ ಇನ್ನೊಂದು ಶಿಲೀಂಧ್ರ ಗಡ್ಡೆಯನ್ನೆಲ್ಲ ಆವರಿಸಿ ನಿನ್ನನ್ನು ಮುಗಿಸುತ್ತದೆ. ಗೆದ್ದಲಿಲ್ಲದೆ ನೀನು ಬದುಕುವುದಿಲ್ಲ, ನೀನಿಲ್ಲದೆ ಅದೂ ಬದುಕುವುದಿಲ್ಲ.

ಈ ಬೇಸಾಯ ಆಫ್ರಿಕಾದ ಮಳೆಕಾಡಿನಲ್ಲಿ ಶುರುವಾಗಿ ಸುಮಾರು 3 ಕೋಟಿ ವರ್ಷ ಆಗಿದೆ. ಮನುಷ್ಯ ಕಾಳು ಬಿತ್ತಲು ಕಲಿತು 10–12 ಸಾವಿರ ವರ್ಷ. ನಿನ್ನ ಕುಲಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟದ್ದು ಫ್ರಾನ್ಸಿನ ರೋಜೆ ಹೈಮ್, 1942ರಲ್ಲಿ. ದಕ್ಷಿಣ ಭಾರತದಲ್ಲಿ ಸಿಕ್ಕ ಒಂದು ಬಗೆಯನ್ನು ಮದರಾಸಿನ ಕೆ. ನಟರಾಜನ್ 1979ರಲ್ಲಿ ವಿವರಿಸಿ, ಅದೇ ಹೈಮ್ ಅವರ ಗೌರವಕ್ಕೆ ಟರ್ಮಿಟೋಮೈಸಿಸ್ ಹೈಮಿ ಎಂದು ಕರೆದರು. ನಾನು ಈ ಪತ್ರ ಬರೆಯುತ್ತಿರುವುದು ಆ ಬಗೆಗೆ.

ವರ್ಷದ ಹೆಚ್ಚಿನ ಕಾಲ ನೀನು ಹೀಗೆ ಕತ್ತಲಲ್ಲಿರುತ್ತೀಯ. ಆರಿದ್ರಾ, ಪುನರ್ವಸು ಮಳೆ ಹಿಡಿದು ನೆಲ ನೆನೆದ ಮೇಲೆ ಮಾತ್ರ ಮೇಲಕ್ಕೆ ಏಳುವುದು. ಗುಡುಗಿಗೆ ಅಣಬೆ ಏಳುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬಿದ್ದಾರೆ. ನಿನ್ನ ಕೊಡೆಯ ನಡುವೆ ಚೂಪಾದ, ಗಟ್ಟಿಯಾದ, ಬೂದುಗಪ್ಪು ಮೊನೆಯೊಂದಿದೆ. ಹುತ್ತದ ಗಟ್ಟಿಮಣ್ಣನ್ನು ಒಳಗಿನಿಂದ ಸೀಳುವುದು ಅದೇ. ಮೊದಲು ಮಣ್ಣು ನಕ್ಷತ್ರದ ಆಕಾರಕ್ಕೆ ಬಿರುಕು ಬಿಡುತ್ತದೆ. ಬಿರುಕಿನ ನಡುವೆ ಮೊನೆ ಕಾಣುತ್ತದೆ. ಮರುದಿನ ಮೊಗ್ಗು ಹೊರಗೆ ನಿಂತಿರುತ್ತದೆ, ಅದರ ಮಾರನೆಯ ದಿನ ಕೊಡೆ ಬಿಚ್ಚಿ, ಅಡಿಯ ಪದರಗಳು ತಿಳಿಗುಲಾಬಿಗೆ ತಿರುಗುತ್ತವೆ. ಮೇಲೆ ಕಂಡಷ್ಟೇ ನೀನೆಂದು ಕಿತ್ತರೆ ಕಾಂಡ ನಡುವೆ ಮುರಿಯುತ್ತದೆ. ಪಕ್ಕದ ಮಣ್ಣು ಬಿಡಿಸುತ್ತ ಹೋದರೆ ಬಿಳಿಯ ಬೇರಿನಂಥ ಭಾಗ ಒಂದು ಅಡಿ, ಕೆಲವೊಮ್ಮೆ ಇನ್ನೂ ಆಳ, ಗೆದ್ದಲಿನ ಕೋಣೆಯವರೆಗೂ ಇಳಿದಿರುತ್ತದೆ. ಗುಲಾಬಿ ಬಣ್ಣ ನಿನ್ನ ಬೀಜಾಣುಗಳದ್ದು. ಅವನ್ನು ಉದುರಿಸಿದ ಒಂದೆರಡು ದಿನದಲ್ಲಿ ಹುಳು ಹತ್ತಿ ಕರಗಿಹೋಗುತ್ತೀಯ.

ಆ ಬೀಜಾಣುಗಳ ವಿಷಯವನ್ನು ಅಣಬೆ ಪ್ರಿಯರೆಲ್ಲ ಇಲ್ಲಿ ಒಂದು ಗಳಿಗೆ ನಿಂತು ಓದಬೇಕು. ಮುಂಗಾರಿನ ಮೊದಲ ಮಳೆಗೆ ರೆಕ್ಕೆ ಗೆದ್ದಲು ಹಾರಿ, ರೆಕ್ಕೆ ಉದುರಿಸಿ, ಜೋಡಿಯಾಗಿ ನೆಲಕ್ಕಿಳಿದು ಹೊಸ ಗೂಡು ಹಾಕುತ್ತವೆ. ಹೆಚ್ಚಿನ ಬಗೆಗಳಲ್ಲಿ ಆ ರಾಜ ರಾಣಿಯರು ತವರಿನಿಂದ ನಿನ್ನನ್ನು ತಂದಿರುವುದಿಲ್ಲ. ಅವುಗಳ ಮೊದಲ ಸಂತಾನದ ಆಳುಗಳು ದೊಡ್ಡದಾಗಿ ಹೊರಗೆ ಮೇಯಲು ಬರುವ ಹೊತ್ತಿಗೆ ಸರಿಯಾಗಿ ಹಳೆಯ ಹುತ್ತಗಳ ಮೇಲೆ ನೀನು ಕೊಡೆ ಬಿಚ್ಚಿರುತ್ತೀಯ. ತರಗೆಲೆಯ ಮೇಲೆ ಬಿದ್ದ ನಿನ್ನ ಬೀಜಾಣು ಅವುಗಳ ಹೊಟ್ಟೆ ಸೇರಿ, ಹೊಸ ಗೂಡಿನ ಗಡ್ಡೆಗೆ ಬಿತ್ತನೆಯಾಗುತ್ತದೆ. ಮೊಗ್ಗಿನಲ್ಲೇ ಎಲ್ಲವನ್ನೂ ಕಿತ್ತುಕೊಂಡು ಹೋದರೆ ಆ ವರ್ಷ ಹುಟ್ಟಿದ ಗೂಡುಗಳಿಗೆ ಬಿತ್ತನೆ ಎಲ್ಲಿಂದ ಬರಬೇಕು? ಮಾರುಕಟ್ಟೆಯಲ್ಲಿ ಬೆಲೆ ಮೊಗ್ಗಿಗೇ ಹೆಚ್ಚು, ಬಿಚ್ಚಿದ ಕೊಡೆಗೆ ಕಡಿಮೆ ಎಂಬುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ನಿನ್ನನ್ನು ತಿನ್ನಬಾರದು ಅಂತ ನಾನು ಹೇಳುವುದಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಹಾಗೆ ಹೇಳುವುದು ಸುಳ್ಳಾಗುತ್ತದೆ. ಕಾಂಡದ ಮಣ್ಣನ್ನು ಚಾಕುವಿನ ಬೆನ್ನಿನಿಂದ ಕೆರೆದು, ಅರಿಸಿನ ನೀರಲ್ಲಿ ಅದ್ದಿ ತೊಳೆದು, ಕೈಯಲ್ಲೇ ಉದ್ದುದ್ದ ಸೀಳಿ, ಕೊತ್ತಂಬರಿ, ಮೆಣಸು, ಕಾಯಿತುರಿ ಹುರಿದರೆದ ಮಸಾಲೆಗೆ ಬಿಟ್ಟರೆ ಆ ಸಾರಿಗೆ ಅಕ್ಕಿ ಕಡುಬು ಎಷ್ಟು ಮಾಡಿದರೂ ಸಾಲುವುದಿಲ್ಲ. ಕೊಡಗಿನವರು ಕುಮ್ಮ್ ಎಂದು, ತುಳುವರು ಲಾಂಬು ಎಂದು, ಕೊಂಕಣಿಗರು ಅಳಂಬೆ ಎಂದು ಕಾಯುವುದೂ ಇದೇ ಮಳೆಗೇ. ಯಾವ ಹುತ್ತದಲ್ಲಿ ಯಾವ ಮಳೆಗೆ ಏಳುತ್ತೀ ಎಂಬುದು ನಮ್ಮ ಅಜ್ಜಿಯಂದಿರಿಗೆ ಬಾಯಿಪಾಠವಾಗಿತ್ತು. ಎರಡು ಬಿಟ್ಟು ಕೊಯ್ಯಬೇಕು, ಹುತ್ತ ಅಗೆಯಬಾರದು ಎಂಬ ಕಟ್ಟಳೆಯೂ ಅವರದೇ. ವಿಷದ ಅಣಬೆಯನ್ನು ಬಿಡಿಸಿ ಗುರುತಿಸುವ ಕಣ್ಣೂ ಅವರಿಗೆ ಇತ್ತು. ಈಗ ಆ ಕಣ್ಣು ಹೋಗಿ, ಸಾರಿಗೆ ಬೆಳ್ಳಿ ಕಾಸು ಹಾಕಿ ಕಪ್ಪಾಗದಿದ್ದರೆ ತಿನ್ನಬಹುದು ಎಂಬ ನಂಬಿಕೆ ಮಾತ್ರ ಉಳಿದಿದೆ. ಅಮನಿಟಾ ಎಂಬ ಅಣಬೆಯ ವಿಷ ಬೆಳ್ಳಿಯನ್ನು ಕಪ್ಪು ಮಾಡುವುದಿಲ್ಲ. ಗೊತ್ತಿಲ್ಲದ ಅಣಬೆಯನ್ನು ಆ ಧೈರ್ಯದಲ್ಲಿ ಯಾರೂ ಬಾಯಿಗೆ ಹಾಕಬಾರದು.

ಇಷ್ಟು ಕಾಲ ನಿನ್ನನ್ನು ಉಳಿಸಿದ್ದು ಯಾವ ಕಾಯ್ದೆಯೂ ಅಲ್ಲ, ನಾಗಪ್ಪನ ಮೇಲಿನ ಭಯಭಕ್ತಿ. ಹುತ್ತದಲ್ಲಿ ಹಾವಿದೆ ಎಂದು ನಂಬಿ ನಾಗರಪಂಚಮಿಗೆ ಹಾಲೆರೆದರು. ಹಾಲೆರೆದ ಹುತ್ತಕ್ಕೆ ಹಾರೆ ಹಾಕಲು ಯಾರಿಗೂ ಕೈ ಬರಲಿಲ್ಲ. ತೋಟದ ನಡುವೆ, ಹುಲ್ಲು ಬೆಳೆಯುವ ಬ್ಯಾಣದ ಅಂಚಿನಲ್ಲಿ, ಕೆಲವು ಮನೆಗಳ ಅಂಗಳದಲ್ಲೂ ಹುತ್ತಗಳು ಹಾಗೇ ಉಳಿದವು. ಈಗ ಅಡಿಕೆಗೆ ಬೆಲೆ ಬಂದಿದೆ, ಬ್ಯಾಣ ತೋಟವಾಗುತ್ತಿದೆ, ಜೆಸಿಬಿ ಚಾಲಕನಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಆಳೆತ್ತರದ ಹುತ್ತ ಬಕೆಟ್ಟಿನ ಎರಡೇ ಏಟಿಗೆ ನೆಲಸಮ. ಹಾಗೆ ಒಡೆದ ಒಂದು ಹುತ್ತದ ಬಳಿ ಹೋಗಿ ನೋಡಿದ್ದೇನೆ. ಕೋಣೆಗಳು ಸೀಳಿ, ಗಡ್ಡೆಗಳು ಬಿಸಿಲಿಗೆ ಬಿದ್ದಿದ್ದವು. ಕೈಗೆ ತೆಗೆದುಕೊಂಡರೆ ಹಗುರ, ಒಳಗೆ ತೇವ, ಮೈತುಂಬ ಬಿಳಿ ಗುಳಿಗೆ. ಆಳುಗಳು ಮರಿಗಳನ್ನು ಕಚ್ಚಿಕೊಂಡು ಅತ್ತಿಂದಿತ್ತ ಓಡುತ್ತಿದ್ದವು. ಅಷ್ಟರಲ್ಲಿ ಕೆಂಪಿರುವೆಯ ಸಾಲು ಬಂದಾಗಿತ್ತು. ಜಾಗ ಮಟ್ಟ ಮಾಡಿಸಿದವರನ್ನು ದೂರಿ ಏನು ಮಾಡಲಿ? ಅವರು ಯಾವ ಕಾನೂನನ್ನೂ ಮುರಿದಿರಲಿಲ್ಲ. ಅದೇ ಜಾಗದಲ್ಲಿ ಒಂದು ಗಿಳಿಯ ಗೂಡಿಗೆ ಕೈಹಾಕಿದ್ದರೆ ಅರಣ್ಯ ಇಲಾಖೆಗೆ ದೂರು ಕೊಡಬಹುದಿತ್ತು.

ಇದರ ಮೇಲೆ ಗೆದ್ದಲು ಔಷಧಿ. ಗೆದ್ದಲು ಅಂದರೆ ಮನೆಯ ತೊಲೆ ತಿನ್ನುವುದು, ಸಸಿ ಕೊಲ್ಲುವುದು ಎಂದು ಎಲ್ಲಕ್ಕೂ ಒಂದೇ ವಿಷ ಸುರಿಯುತ್ತೇವೆ. ಕಾಡಿನ ತರಗೆಲೆಯನ್ನು ಮಣ್ಣಾಗಿಸುವ ಕೆಲಸದ ದೊಡ್ಡ ಪಾಲು ನಿನ್ನ ಮತ್ತು ನಿನ್ನ ಗೆದ್ದಲಿನ ಜೋಡಿಯದು ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಹುತ್ತದ ಮಣ್ಣು ಫಲವತ್ತು ಎಂದು ಗದ್ದೆಗೆ ಹೊತ್ತು ಹಾಕುತ್ತಿದ್ದ ರೈತನಿಗೆ ಮಾತ್ರ ಅದು ಗೊತ್ತಿತ್ತು.

ಈಗ ಗಿಳಿಯ ಕಡೆ ತಿರುಗುತ್ತೇನೆ, ಯಾಕೆಂದರೆ ನಿನ್ನ ಕುಲಕ್ಕೂ ಅದಕ್ಕೂ ಇರುವ ನಂಟು ಹಳೆಯ ರಕ್ತಸಂಬಂಧದಲ್ಲೇ ಮುಗಿಯುವುದಿಲ್ಲ. ಗಿಳಿಗೆ ಗೂಡು ಕಟ್ಟಲು ಬರುವುದಿಲ್ಲ. ಗಟ್ಟಿ ಮರವನ್ನು ಕೊರೆಯುವ ಶಕ್ತಿಯೂ ಅದರ ಕೊಕ್ಕಿಗಿಲ್ಲ. ಅದಕ್ಕೆ ಬೇಕಾದ್ದು ಸಿದ್ಧವಾದ ಪೊಟರೆ. ಪೊಟರೆ ಕೊರೆಯುವುದು ಮರಕುಟಿಗ, ಕುಟ್ರು ಹಕ್ಕಿ. ಅವೂ ಆರಿಸಿಕೊಳ್ಳುವುದು ತಿರುಳು ಮೆತ್ತಗಾದ ಮರವನ್ನೇ. ತಿರುಳನ್ನು ಮೆತ್ತಗೆ ಮಾಡುವವರು ನಿನ್ನ ಬಳಗದವರು. ಬಿರುಗಾಳಿಗೆ ಕೊಂಬೆ ಮುರಿದ ಗಾಯದಿಂದ ಒಳಹೊಕ್ಕು, ಮರದ ಜೀವವಿಲ್ಲದ ನಡುಗಟ್ಟಿಯನ್ನು ವರ್ಷಗಟ್ಟಲೆ ನಿಧಾನವಾಗಿ ಕೊಳೆಸುತ್ತಾರೆ. ಹೊರಗಿನ ಬಿಳಿಮರ ಜೀವಂತವಾಗಿಯೇ ಇರುವುದರಿಂದ ಮರ ಚಿಗುರುತ್ತ, ಹೂಬಿಡುತ್ತ ನಿಂತಿರುತ್ತದೆ. ಒಳಗೆ ಮನೆ ತಯಾರಾಗುತ್ತದೆ.

ನಮ್ಮ ಸೊಪ್ಪಿನ ಬೆಟ್ಟದಲ್ಲಿ ಅಂಥದೊಂದು ಹಳೆಯ ನಂದಿ ಮರವಿದೆ. ಎದೆಯೆತ್ತರದಲ್ಲಿ ಅಂಗೈ ಅಗಲದ ಎರಡು ಗಟ್ಟಿ ಅಣಬೆಗಳು ಕಾಂಡಕ್ಕೆ ಅಡ್ಡಲಾಗಿ ಕೂತಿವೆ. ಮೇಲ್ಮೈ ಹೊಳೆಯುವ ಕಂದು, ಅಂಚು ಬಿಳಿ, ಅಡಿಭಾಗದಲ್ಲಿ ಸೂಜಿಮೊನೆಯ ರಂಧ್ರಗಳು. ಕೆಳಗಿನ ಅಣಬೆಯ ನೆತ್ತಿಯ ಮೇಲೆ, ಬುಡದ ಕುರುಚಲು ಎಲೆಗಳ ಮೇಲೆ ಕಾಫಿಪುಡಿ ಬಣ್ಣದ ಧೂಳು. ಒರೆಸಿದರೆ ಬೆರಳಿಗೆ ಹತ್ತುತ್ತದೆ. ಅದು ಮೇಲಿನದರ ಬೀಜಾಣು. ಇನ್ನೂ ಮೇಲೆ, ಕವಲೊಡೆಯುವ ಕಡೆ, ಕುಟ್ರು ಹಕ್ಕಿ ಕೊರೆದು ಬಿಟ್ಟ ಪೊಟರೆ. ಮಾಘಮಾಸದ ಹೊತ್ತಿಗೆ ಗಿಳಿಯ ಜೋಡಿ ಅಲ್ಲಿಗೆ ಬರುತ್ತದೆ. ಬಾಯಿಯ ಅಂಚನ್ನು ಕಡಿದು ಕಡಿದು ತಮ್ಮ ಅಳತೆಗೆ ಅಗಲ ಮಾಡಿಕೊಂಡಿವೆ. ಆ ಅಂಚು ಬೋಳಾಗಿ, ತೊಗಟೆಯ ಬಣ್ಣಕ್ಕಿಂತ ತಿಳಿಯಾಗಿದೆ. ಹೆಣ್ಣು ಕಾವಿಗೆ ಕೂತರೆ ಕಪ್ಪು ಕೊಕ್ಕಿನ ಮುಖವಷ್ಟೇ ಆಗಾಗ ಹೊರಗೆ ಕಾಣುತ್ತದೆ. ಗಂಡು ಬಂದು ಪಕ್ಕದ ಕೊಂಬೆಯಲ್ಲಿ ಕೂತು, ಸುತ್ತ ನೋಡಿ, ಬಾಯಿಗೆ ಬಾಯಿಟ್ಟು ಉಣಿಸಿ ಹೋಗುತ್ತದೆ. ನೋಡಲು ಬಂದ ಗೆಳೆಯರೆಲ್ಲ ದುರ್ಬೀನನ್ನು ಪೊಟರೆಗೆ ಹಿಡಿದರು. ಅಣಬೆ ತೋರಿಸಿದರೆ, ಮರಕ್ಕೆ ರೋಗ ಬಂದಿದೆ, ಕಡಿಸಿಬಿಡಿ ಎಂದರು. ಪ್ರೀತಿಯಿಂದಲೇ ಹೇಳಿದ್ದು. ಮರ ಕಡಿದರೆ ಹಕ್ಕಿ ಎಲ್ಲಿಗೆ ಹೋಗಬೇಕು ಎಂದು ಕೇಳಿದ ಮೇಲೆ ಸುಮ್ಮನಾದರು.

ನಿನ್ನ ಬಳಗಕ್ಕೆ ನೆರವಾದ ಒಂದು ಆದೇಶ ಮಾತ್ರ ನನಗೆ ನೆನಪಿದೆ. 2000ದ ಫೆಬ್ರವರಿ 14ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ರೋಗ ಹತ್ತಿದ, ಗಾಳಿಗೆ ಬಿದ್ದ ಮರಗಳನ್ನು ಕೂಡ ತೆಗೆಯಬಾರದೆಂದು ತಡೆ ಕೊಟ್ಟಿತು. ನಾಟಾ ಸಾಗಣೆಗೆ ಕಡಿವಾಣ ಹಾಕುವ ವ್ಯಾಜ್ಯದಲ್ಲಿ ಬಂದ ಮಾತು ಅದು, ಅಣಬೆಯ ಹೆಸರು ಅದರಲ್ಲಿಲ್ಲ. ಆದರೂ ನಾಗರಹೊಳೆಯಲ್ಲಿ, ಕುದುರೆಮುಖದಲ್ಲಿ ಬಿದ್ದ ಮರದ ಮೇಲೆ ಏಳುವ ನೂರು ಬಗೆಯ ಅಣಬೆಗಳು ಬದುಕಿರುವುದು ಆ ಆದೇಶದ ನೆರಳಲ್ಲೇ. ಅಭಯಾರಣ್ಯದ ಗಡಿಯಾಚೆ, ಕಾನು, ಸೊಪ್ಪಿನ ಬೆಟ್ಟ, ಕಾಫಿ ತೋಟಗಳಲ್ಲಿ, ಒಣಮರ ಅಂದರೆ ಈಗಲೂ ಕಟ್ಟಿಗೆ.

ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆಂದು ನಿನಗೆ ಸುಳ್ಳು ಭರವಸೆ ಕೊಡಲಾರೆ. ಗಿಳಿಯನ್ನೇ ನೋಡು. ಕಾಯ್ದೆಗೆ ಅರ್ಧ ಶತಮಾನ ಕಳೆದರೂ ಪೇಟೆಗಳಲ್ಲಿ ಗಿಳಿಮರಿ ಕದ್ದು ಮಾರುವುದು ನಿಂತಿಲ್ಲ. ಮರಿ ತೆಗೆಯಲು ಪೊಟರೆಯ ಬಾಯಿ ಒಡೆಯುತ್ತಾರೆ, ಕೊಂಬೆಯನ್ನೇ ಕಡಿಯುವುದೂ ಉಂಟು. ಆಮೇಲೆ ಆ ಪೊಟರೆ ಯಾವ ಹಕ್ಕಿಗೂ ಒದಗುವುದಿಲ್ಲ. ಮುದ್ದಾಗಿ ಕಾಣುವುದು, ಕಲಿಸಿದ ಮಾತು ಆಡುವುದು, ಇವೇ ಗಿಳಿಗೆ ಮುಳುವಾದವು. ರೆಕ್ಕೆ ಕತ್ತರಿಸಿಕೊಂಡು ಪಂಜರದ ಕಂಬಿ ಕಚ್ಚುತ್ತಾ ಭವಿಷ್ಯದ ಚೀಟಿ ಎತ್ತುವ ಗಿಳಿಯನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಕಿವುಚುತ್ತದೆ. ಆದರೂ ಪಂಜರದ ಗಿಳಿಯ ಪರವಾಗಿ ಒಬ್ಬ ಶಾಲೆಯ ಹುಡುಗ ಫೋನ್ ಮಾಡಿದರೂ ಇಲಾಖೆಯವರು ಬಂದು ಬಿಡಿಸಿಕೊಂಡು ಹೋಗಲೇಬೇಕು, ಕಾನೂನು ಅವನ ಹಿಂದೆ ನಿಂತಿದೆ. ನಿನ್ನ ಪರವಾಗಿ ಫೋನ್ ಮಾಡುವವನಿಗೆ ಹೇಳಲು ಒಂದು ಸೆಕ್ಷನ್ ಕೂಡ ಇಲ್ಲ. ಆ ಅಂತರ ದೊಡ್ಡದು.

ಬೇರೆ ಕಡೆ ಗಾಳಿ ಬದಲಾಗಿದೆ. ದಕ್ಷಿಣ ಅಮೆರಿಕದ ಚಿಲಿ ದೇಶ 2010ರಲ್ಲಿ ತನ್ನ ಪರಿಸರ ಕಾನೂನಿನೊಳಗೆ ಶಿಲೀಂಧ್ರಗಳನ್ನು ಹೆಸರಿಸಿ ಸೇರಿಸಿತು. ಅದಕ್ಕಾಗಿ ದುಡಿದವರಲ್ಲಿ ಮುಖ್ಯರಾದ ಜೂಲಿಯಾನಾ ಫುರ್ಚಿ ಆಮೇಲೆ ಶಿಲೀಂಧ್ರಗಳಿಗೆಂದೇ ಒಂದು ಪ್ರತಿಷ್ಠಾನ ಕಟ್ಟಿದರು. 2021ರಲ್ಲಿ ಐಯುಸಿಎನ್‌ನ ಜೀವಪ್ರಭೇದ ಉಳಿವಿನ ಆಯೋಗ, ಪ್ರಾಣಿ, ಸಸ್ಯ ಎಂದು ಹೇಳುವಲ್ಲೆಲ್ಲ ಶಿಲೀಂಧ್ರವನ್ನೂ ಸೇರಿಸಿ ಹೇಳುವುದೆಂದು ತೀರ್ಮಾನಿಸಿತು. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದಲ್ಲಿ ಚಿಲಿ ಮತ್ತು ಬ್ರಿಟನ್ ಶಿಲೀಂಧ್ರ ರಕ್ಷಣೆಯ ಪ್ರತಿಜ್ಞೆಯೊಂದನ್ನು ಮುಂದಿಟ್ಟವು. ನಮ್ಮ ಪಕ್ಕದಲ್ಲೇ, ಗೋವಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ನಂದಕುಮಾರ್ ಕಾಮತ್ ನಿನ್ನ ಕುಲದ ಅಣಬೆಗಳನ್ನು ಕಾಡಿನಿಂದ ಬಾಚಿ ಮಾರುವುದರ ವಿರುದ್ಧ ಹಲವು ವರ್ಷಗಳಿಂದ ಬರೆಯುತ್ತ, ಮಾತಾಡುತ್ತ ಬಂದಿದ್ದಾರೆ. ಕರ್ನಾಟಕದಲ್ಲಿ ಮಂಗಳೂರು ವಿಶ್ವವಿದ್ಯಾಲಯದವರು ಘಟ್ಟದ ಕಾಡಣಬೆಗಳನ್ನು ಗುರುತಿಸಿ ಬರೆದಿದ್ದಾರೆ. ಅದು ಸಂಶೋಧನಾ ಪತ್ರಿಕೆಗಳಿಂದ ಇಳಿದು ಊರಿಗೆ ಬರಬೇಕು.

ಹಾಗೆ ಬರುವ ದಾರಿ ಒಂದು ಈಗಾಗಲೇ ಇದೆ, ಅದಕ್ಕೆ ದೆಹಲಿಯಲ್ಲಿ ತಿದ್ದುಪಡಿ ಆಗುವವರೆಗೆ ಕಾಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಜೀವವೈವಿಧ್ಯ ದಾಖಲಾತಿ ಪುಸ್ತಕ ಬರೆಯಬೇಕು. ಭತ್ತದ ತಳಿ, ಮಾವಿನ ಅಪ್ಪೆಮಿಡಿ, ಹಕ್ಕಿ, ಮೀನು ಎಲ್ಲಕ್ಕೂ ಅದರಲ್ಲಿ ಪುಟಗಳಿವೆ. ಅಣಬೆಗೂ ಪುಟ ತೆಗೆಯಲು ಯಾರ ಅಡ್ಡಿಯೂ ಇಲ್ಲ.

ನಮ್ಮ ಪಂಚಾಯಿತಿಯ ಸಮಿತಿಗೆ ಅರ್ಜಿ ಬರೆದಿದ್ದೇನೆ. ಅದರಲ್ಲಿ ಕೇಳಿರುವುದು ಇಷ್ಟು. ಈ ಮಳೆಗಾಲದಲ್ಲಿ ಊರಿನ ಹಿರಿಯ ಹೆಂಗಸರನ್ನು ಕರೆದುಕೊಂಡು ಹೋಗಿ, ಯಾವ ಸರ್ವೆ ನಂಬರಿನ ಯಾವ ಹುತ್ತದಲ್ಲಿ ಯಾವ ಮಳೆಗೆ ಯಾವ ಅಣಬೆ ಏಳುತ್ತದೆ, ಅವರು ಅದನ್ನು ಏನೆಂದು ಕರೆಯುತ್ತಾರೆ ಎಂಬುದನ್ನು ಅವರ ಬಾಯಲ್ಲೇ ಕೇಳಿ ಬರೆದುಕೊಳ್ಳಬೇಕು. ಒಂದು ಹುತ್ತದಲ್ಲಿ ಎದ್ದದ್ದರಲ್ಲಿ ಮೂರನೆಯ ಒಂದು ಪಾಲನ್ನಾದರೂ ಕೊಡೆ ಬಿಚ್ಚಲು ಬಿಡಬೇಕೆಂದು ಗ್ರಾಮಸಭೆ ಗೊತ್ತುವಳಿ ಮಾಡಬೇಕು. ಸಾರ್ವಜನಿಕ ಜಾಗದ ಹುತ್ತವನ್ನು ಜೆಸಿಬಿಯಿಂದ ಒಡೆಯುವ ಮುಂಚೆ ಸಮಿತಿಗೆ ತಿಳಿಸಬೇಕು. ಪೊಟರೆ ಇರುವ, ಅಣಬೆ ಹತ್ತಿದ ಹಳೆಯ ಮರಗಳಿಗೆ ನಂಬರು ಹಾಕಿ, ಸೌದೆಗೆ ಕಡಿಯದಂತೆ ನೋಡಿಕೊಳ್ಳಬೇಕು. ಅದರಿಂದ ನಿನ್ನ ಬಳಗಕ್ಕೂ ಗಿಳಿಗೂ ಒಟ್ಟಿಗೇ ಉಪಕಾರ. ಪುಸ್ತಕದಲ್ಲಿ ಹಕ್ಕಿಗಳ ಪುಟದಲ್ಲಿ ನೀಲಿ ರೆಕ್ಕೆಯ ಗಿಳಿ ಈಗಾಗಲೇ ಇದೆ. ಕಾರ್ಯದರ್ಶಿಯವರು ಅರ್ಜಿ ಓದಿ, ಅಣಬೆಯನ್ನು ಪ್ರಾಣಿಯ ಕೆಳಗೆ ಬರೆಯಬೇಕೋ ಗಿಡದ ಕೆಳಗೆ ಬರೆಯಬೇಕೋ ಎಂದು ಕೇಳಿದರು. ಎರಡರ ಕೆಳಗೂ ಬೇಡ, ಬೇರೆ ಹಾಳೆ ತೆಗೆಯಿರಿ ಎಂದೆ. ತೆಗೆದರು. ಮುಂದಿನ ಸಭೆ ಆರಿದ್ರಾ ಮಳೆ ಹುಟ್ಟುವ ವಾರ ಇದೆ.

ಇಂತಿ,
ನಿನ್ನ ಹುತ್ತದ ಪಕ್ಕದ ತೋಟದವನು